ಬಿಸಿನೀರಿಗೆ ಮಣಿಯುವ ಪ್ಲಾಸ್ಟಿಕ್

ಪಾಲಿಮಾರ್ಫ್, ಇನ್‌ಸ್ಟಾಮಾರ್ಫ್ ಮುಂತಾದ ಹೆಸರುಗಳಲ್ಲಿ ಮಾರಾಟವಾಗುವ ಬಿಳಿ ಪ್ಲಾಸ್ಟಿಕ್ ಕಾಳುಗಳು ನೋಡಲು ಥೇಟ್ ಸಬ್ಬಕ್ಕಿ. ಬಿಸಿನೀರಿಗೆ ಹಾಕಿದರೆ ಸಬ್ಬಕ್ಕಿಯ ಹಾಗೆಯೇ ಬಿಳುಪು ಕಳೆದುಕೊಂಡು ಪಾರದರ್ಶಕವಾಗುತ್ತವೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೋಲಿಕೆ ಅಲ್ಲಿಗೆ ಮುಗಿಯಿತು. ಸಬ್ಬಕ್ಕಿ ನೀರು ಕುಡಿದು ಬೇಯುತ್ತದೆ, ಮತ್ತೆ ಮೊದಲಿನಂತಾಗದು. ಈ ಪ್ಲಾಸ್ಟಿಕ್‌ಗೆ ನೀರಿನ ಬಿಸಿ ಸಾಕು. ತಣಿದರೆ ಮತ್ತೆ ಬೆಳ್ಳಗಾಗಿ ಗಟ್ಟಿಯಾಗುತ್ತದೆ, ಬೇಕೆಂದಾಗ ಮತ್ತೆ ಕರಗುತ್ತದೆ.

ಇದು ಪಾಲಿಕ್ಯಾಪ್ರೋಲ್ಯಾಕ್ಟೋನ್ ಎಂಬ ಪಾಲಿಯೆಸ್ಟರ್. 1930ರ ದಶಕದಲ್ಲೇ, ನೈಲಾನ್ ಖ್ಯಾತಿಯ ವಾಲೆಸ್ ಕ್ಯಾರದರ್ಸ್ ತಂಡ ಇದನ್ನು ತಯಾರಿಸಿತ್ತು. ನೀರಿನ ಬಾಟಲಿಯ ಪ್ಲಾಸ್ಟಿಕ್ ಕೂಡ ಪಾಲಿಯೆಸ್ಟರೇ, ಆದರೆ ಅದು ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕು. ಬಾಟಲಿಯ ಅಣುಸರಪಳಿಯಲ್ಲಿ ಬಾಗದ ಬೆಂಜೀನ್ ಉಂಗುರಗಳಿವೆ. ಇದರಲ್ಲಿ ಅವಿಲ್ಲ; ಪ್ರತಿ ಕೊಂಡಿಯಲ್ಲೂ ಐದು ಮೆಥಿಲೀನ್ ಘಟಕಗಳು (ಒಂದು ಇಂಗಾಲಕ್ಕೆ ಎರಡು ಹೈಡ್ರೋಜನ್) ಸಾಲಾಗಿವೆ, ಸರಪಳಿ ಸಲೀಸಾಗಿ ತಿರುಚಿಕೊಳ್ಳುತ್ತದೆ. ಹಾಗಾಗಿ ಸುಮಾರು 60 ಡಿಗ್ರಿಗೇ, ಸರಪಳಿಗಳು ಒತ್ತಾಗಿ ಜೋಡಿಕೊಂಡು ಆದ ಹರಳುಗಳು ಕಳಚಿಕೊಳ್ಳುತ್ತವೆ. ಬಿಳುಪಿಗೆ ಕಾರಣವೂ ಆ ಸೂಕ್ಷ್ಮ ಹರಳುಗಳೇ, ಅವು ಬೆಳಕನ್ನು ಚದುರಿಸುತ್ತವೆ. ಅವು ಕರಗಿದವೆಂದರೆ ಬೆಳಕು ನೇರ ಹಾಯುತ್ತದೆ. ಥರ್ಮಾಮೀಟರ್ ಬೇಡ, ಬಣ್ಣವೇ ಹದ ಹೇಳುತ್ತದೆ.

ನನಗೆ ಹೆಚ್ಚು ಚೋದ್ಯವೆನಿಸುವುದು ಗಟ್ಟಿಯಾಗುವ ಬಗೆ. 60 ಡಿಗ್ರಿಗಿಂತ ಕೆಳಗಿಳಿದ ಕೂಡಲೇ ಹರಳು ಕಟ್ಟುವುದಿಲ್ಲ. ಕೈಗೆ ಹಿತವಾಗುವಷ್ಟು ತಣಿದ ಮೇಲೂ ಕೆಲವು ನಿಮಿಷ ಮೆತ್ತಗೇ ಇರುತ್ತದೆ. ನಾದಿ, ಒತ್ತಿ, ತಿದ್ದಲು ಅಷ್ಟು ಸಮಯ ಸಾಕು. ಕ್ಯಾನ್ಸರ್ ಆಸ್ಪತ್ರೆಗಳು ಈ ಗುಣವನ್ನೇ ನೆಚ್ಚಿಕೊಂಡಿವೆ: ರಂಧ್ರಗಳಿರುವ ಇಂಥ ಹಾಳೆಯನ್ನು ಬಿಸಿನೀರಲ್ಲಿ ಮೆದುಮಾಡಿ ರೋಗಿಯ ಮುಖದ ಮೇಲೆ ಹರಡಿ ಮುಖವಾಡ ಮಾಡುತ್ತಾರೆ. ವಿಕಿರಣ ಪ್ರತಿ ಬಾರಿಯೂ ಅದೇ ಜಾಗಕ್ಕೆ ಬೀಳಬೇಕಾದರೆ ತಲೆ ಅಲುಗಬಾರದಲ್ಲ.

ಹವ್ಯಾಸಿಗಳ ಮೇಜಿನ ಮೇಲೆ ಇದರ ಕೆಲಸ ಚಿಲ್ಲರೆಯದು. ರೋಬೋಟಿಗೆ ಮೋಟಾರು ಕೂರಿಸುವುದು, ಮುರಿದ ಗುಂಡಿಗೆ ಬದಲಿ, ಅಂಗೈಯ ಅಳತೆಗೇ ಒತ್ತಿದ ಉಳಿಯ ಹಿಡಿ. ಎಣ್ಣೆ ಸವರಿದ ಬೋಲ್ಟಿನ ಸುತ್ತ ಒತ್ತಿ, ತಣಿದ ಮೇಲೆ ಬೋಲ್ಟನ್ನು ತಿರುಗಿಸಿ ತೆಗೆದರೆ ಒಳಗೆ ತಿರುಪಿನ ಗೆರೆಗಳು ಮೂಡಿರುತ್ತವೆ. ಕರಗಿಸಲು ಸ್ಟೀಲ್ ಪಾತ್ರೆಯೇ ಲೇಸು. ಅನೇಕ ಪ್ಲಾಸ್ಟಿಕ್‌ಗಳಿಗೆ ಇದು ಅಂಟಿ ಕೂರುತ್ತದೆ. ಹೊರಗೆ ತೆಗೆದಾಗ ಮಡಿಕೆಗಳಲ್ಲಿ ಸಿಕ್ಕ ಬಿಸಿನೀರು ಚುರುಕು ಮುಟ್ಟಿಸೀತು, ಮೊದಲು ಚಮಚದಿಂದ ಹಿಂಡಿಬಿಡಿ.

ಹಲ್ಲುಚಕ್ರದಂಥ ನಿಖರ ಭಾಗಗಳಿಗೆ ತ್ರೀಡಿ ಪ್ರಿಂಟರೇ ಸರಿ. ಗಟ್ಟಿಯಾದ ಮೇಲೆ ಡ್ರಿಲ್ ಮಾಡಬಹುದು, ಆದರೆ ನಿಧಾನವಾಗಿ. ವೇಗ ಹೆಚ್ಚಿದರೆ ಉಜ್ಜಾಟದ ಬಿಸಿಗೇ ಕರಗಿ ಡ್ರಿಲ್ ಬಿಟ್ಟಿಗೆ ಮೆತ್ತಿಕೊಳ್ಳುತ್ತದೆ. ಒಲೆಯ ಪಕ್ಕ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಬಿಸಿಯಾಗುವ ಮೋಟಾರಿನ ಮೈಗೆ ತಾಗಿಸಿ ಇಡುವಂತಿಲ್ಲ. ಅಂಥ ಕಡೆ ಇದರಲ್ಲಿ ಆಕಾರ ಖಚಿತಪಡಿಸಿಕೊಂಡು, ಅಸಲಿ ಭಾಗವನ್ನು ಅಲ್ಯೂಮಿನಿಯಮ್‌ನಲ್ಲಿ ಮಾಡಿಸಿ, ಮಾದರಿಯನ್ನು ಮತ್ತೆ ಬಿಸಿನೀರಿಗೆ ಹಾಕಿದರಾಯಿತು.