ಬೀಗದೊಳಗಿನ ಪವಿತ್ರ ವಸ್ತ್ರ

ಯೆರೂಸಲೇಮಿನ ದೇವಾಲಯದ ಪಕ್ಕದಲ್ಲೇ ಅಂತೋನಿಯ ಕೋಟೆಯಿತ್ತು. ಕ್ರಿ.ಶ. 6ರಲ್ಲಿ ಯೆಹೂದಿಗಳ ನಾಡಾದ ಯೂದಾಯ ನೇರವಾಗಿ ರೋಮಿನ ಆಡಳಿತಕ್ಕೆ ಬಂದ ಮೇಲೆ ಮಹಾಯಾಜಕನ ಪವಿತ್ರ ವಸ್ತ್ರಗಳು ಅಲ್ಲಿನ ಕಲ್ಲಿನ ಕೋಣೆಯಲ್ಲಿ ರೋಮನ್ನರ ವಶದಲ್ಲಿದ್ದವು. ಬಾಗಿಲಿಗೆ ಯಾಜಕರ ಮುದ್ರೆ. ಒಳಗೆ ಕೋಟೆಯ ಅಧಿಕಾರಿ ದಿನಾ ಹಚ್ಚುವ ದೀಪ. ಹಬ್ಬಕ್ಕೆ ಏಳು ದಿನ ಮುಂಚೆ ವಸ್ತ್ರ ಹೊರಗೆ ಬರುತ್ತಿತ್ತು, ಹಬ್ಬ ಮುಗಿದ ಮರುದಿನವೇ ಒಳಗೆ ಹೋಗುತ್ತಿತ್ತು. ದೇವರ ಮುಂದೆ ಜನರ ಪರವಾಗಿ ನಿಲ್ಲುವವನು ಉಡುಪಿಗಾಗಿ ಪರಕೀಯ ಸೈನಿಕನ ಬಾಗಿಲಿಗೆ ಹೋಗಬೇಕು! ಆ ಅವಮಾನ ಎಷ್ಟು ಸುಟ್ಟಿರಬೇಕು.

ಆದರೆ ಕೇಡು ರೋಮನ್ನರಿಂದಲೇ ಶುರುವಾಗಲಿಲ್ಲ. ಯೆಹೂದಿ ಧರ್ಮಶಾಸ್ತ್ರದ ಪ್ರಕಾರ ಮಹಾಯಾಜಕನು ಮೊದಲ ಮಹಾಯಾಜಕ ಆರೋನನ ವಂಶದವನಾಗಬೇಕು, ಪದವಿ ಸಾಯುವತನಕ. ಕ್ರಿ.ಪೂ. 175ರಲ್ಲಿ ಯಾಸೋನ ಎಂಬವನು ಗ್ರೀಕ್ ದೊರೆ ನಾಲ್ಕನೆಯ ಆಂಟಿಯೋಕನಿಗೆ ಬೆಳ್ಳಿ ಸುರಿದು ಸ್ವಂತ ಅಣ್ಣನ ಪದವಿ ಕಿತ್ತುಕೊಂಡ. ಆಮೇಲೆ ಬಂದ ಯೆಹೂದಿ ಆಳರಸರಾದ ಹಸ್ಮೋನಿಯರು ಯಾಜಕ ಮನೆತನದವರೇ, ಆದರೂ ಹಿಂದಿನ ಮಹಾಯಾಜಕರ ಮನೆಯವರಲ್ಲ. ಕ್ರಿ.ಪೂ. 140ರಲ್ಲಿ ಅವರಲ್ಲೊಬ್ಬನಾದ ಸೀಮೋನನನ್ನು ಮಹಾಯಾಜಕನೆಂದು ಒಪ್ಪಿದ ಸಭೆ ‘ನಂಬತಕ್ಕ ಪ್ರವಾದಿ ಬರುವತನಕ’ ಎಂಬ ಮಾತನ್ನೂ ಸೇರಿಸಿತು. ನನ್ನ ಕಣ್ಣಿಗೆ ಅದು ಅಳುಕಿನ ಮಾತು.

ರೋಮಿನ ಬೆಂಬಲದಿಂದ ಅರಸನಾದ ಹೆರೋದ ಆ ಅಳುಕನ್ನೂ ಉಳಿಸಲಿಲ್ಲ. ಹೆಂಡತಿಯ ತಮ್ಮ, ಹಸ್ಮೋನಿಯ ಕುಡಿ ಅರಿಸ್ಟೋಬುಲನಿಗೆ ಪದವಿ ಕೊಟ್ಟ. ಪರ್ಣಶಾಲೆಗಳ ಹಬ್ಬದಲ್ಲಿ ಆ ಹದಿನೇಳರ ಹುಡುಗನನ್ನು ಕಂಡು ಜನ ಭಾವುಕರಾದರು. ಸ್ವಲ್ಪ ದಿನಕ್ಕೇ ಯೆರಿಕೋವಿನ ಕೊಳದಲ್ಲಿ ಹೆರೋದನ ಕಡೆಯವರು ಅವನನ್ನು ಆಟದ ನೆಪದಲ್ಲಿ ಮುಳುಗಿಸಿ ಕೊಂದರು. ಮುಂದೆ ಹೆರೋದನಾಗಲಿ ರೋಮಿನ ಅಧಿಕಾರಿಗಳಾಗಲಿ ಬೇಕೆಂದಾಗ ನೇಮಿಸಿದರು, ಬೇಡವೆಂದಾಗ ಇಳಿಸಿದರು. ಹೆರೋದನ ಕಾಲದಿಂದ ಹಿಡಿದು, ದೇವಾಲಯ ಸುಟ್ಟುಹೋದ ಕ್ರಿ.ಶ. 70ರವರೆಗೆ 28 ಮಹಾಯಾಜಕರು ಎಂದು ಇತಿಹಾಸಕಾರ ಜೋಸೀಫಸ್ ಲೆಕ್ಕ ಕೊಡುತ್ತಾನೆ. ಅವರಲ್ಲಿ ಯೇಸುವಿನ ವಿಚಾರಣೆ ನಡೆಸಿದ ಕಾಯಫನೊಬ್ಬನೇ ಸುಮಾರು 18 ವರ್ಷ! ಅವನ ಮಾವ ಅನ್ನನನ್ನು ರೋಮನ್ನರು ಇಳಿಸಿದ್ದರೂ ಸುವಾರ್ತೆಗಳು ಅವನನ್ನೂ ಮಹಾಯಾಜಕನೆಂದೇ ಕರೆಯುತ್ತವೆ. ರಾಜ್ಯಪಾಲ ಕುರ್ಚಿ ಕಸಿಯಬಹುದಿತ್ತು, ಪಾವಿತ್ರ್ಯವನ್ನಲ್ಲ.

ರೋಮಿನ ವಿರುದ್ಧ ದಂಗೆ ಎದ್ದಾಗ ಯೆರೂಸಲೇಮಿನ ಜೆಲೋತರೆಂಬ ಉಗ್ರ ದಂಗೆಕೋರರು ಈ ಶ್ರೀಮಂತ ಮನೆತನಗಳನ್ನೇ ಬದಿಗೆ ತಳ್ಳಿ, ಹಳೆಯ ಪದ್ಧತಿಯೆಂದು ಹೇಳಿ ಚೀಟಿ ಎತ್ತಿದರು. ಬಂದದ್ದು ಹಳ್ಳಿಯ ಫನ್ನಿಯನ ಹೆಸರು. ಯೆಹೂದಿ ಪರಂಪರೆಯ ಒಂದು ಮಾತಿನಂತೆ, ಕರೆಯಲು ಹೋದವರಿಗೆ ಅವನು ಕಲ್ಲು ಕಡಿಯುತ್ತ ಸಿಕ್ಕಿದ. ಜೋಸೀಫಸ್ ಅವನನ್ನು ಏನೂ ಅರಿಯದ ಹಳ್ಳಿಗನೆಂದು ಹೀಗಳೆಯುತ್ತಾನೆ. ಅವನೂ ಯಾಜಕ ಮನೆತನದವನೇ ಎಂಬುದನ್ನು ಮರೆಯಬಾರದು. ಹಣಕ್ಕೂ ಅರಮನೆಗೂ ಋಣಿಯಲ್ಲದ ಫನ್ನಿಯನ ಬಗ್ಗೆ ನನಗೆ ಕನಿಕರವಿದೆ. ಅವನಿಗೆ ಆ ವಸ್ತ್ರ ತೊಡಿಸಿ, ಯಾವಾಗ ಏನು ಮಾಡಬೇಕೆಂದು ಹೇಳಿಕೊಡುತ್ತಿದ್ದರೆ, ಉಳಿದ ಯಾಜಕರು ದೂರ ನಿಂತು ಅಳುತ್ತಿದ್ದರು.