ಆರು ಮೂಲೆಯ ರೀಫ್ ಟ್ಯಾಂಕಿಗೆ ಯಾವ ಲೈಟು? ಕಲಿಯುತ್ತಾ ಬರೆದ ಟಿಪ್ಪಣಿ

ನಾನಿರುವುದು ನ್ಯೂಜೆರ್ಸಿಯಲ್ಲಿ. ಹೋದ ವರ್ಷ ಪಕ್ಕದ ಬೀದಿಯಲ್ಲಿ ಮನೆ ಖಾಲಿ ಮಾಡುತ್ತಿದ್ದವರಿಂದ ಒಂದು ಹಳೇ ಗಾಜಿನ ಟ್ಯಾಂಕ್ ತಗೊಂಡೆ. ಆರು ಮೂಲೆ, ಪ್ರತಿ ಬದಿ 30 ಸೆಂ.ಮೀ., ಎತ್ತರ 60 ಸೆಂ.ಮೀ. ತುಂಬಿದರೆ ಸುಮಾರು 140 ಲೀಟರ್. ಅದರಲ್ಲಿ ಹವಳ ಸಾಕಬೇಕು, ಅಂದರೆ ರೀಫ್ ಟ್ಯಾಂಕ್ ಮಾಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಉಪ್ಪು, ಪಂಪು, ಫಿಲ್ಟರ್ ಬಗ್ಗೆ ಓದಲು ಬೇಕಾದಷ್ಟು ಸಿಕ್ಕಿತು. ಲೈಟಿನ ವಿಷಯಕ್ಕೆ ಬಂದಾಗ ಮಾತ್ರ ಸಿಕ್ಕ ಲೆಕ್ಕವೆಲ್ಲ ಉದ್ದನೆಯ ಟ್ಯಾಂಕಿನದು. ಇಷ್ಟು ಉದ್ದಕ್ಕೆ ಇಷ್ಟು ಲೈಟು ಅಂತ. ಮಧ್ಯದಲ್ಲಿ ನಿಂತು ಸುತ್ತಲೂ ಕಾಣುವ, ಕಂಬದಂಥ ಟ್ಯಾಂಕಿಗೆ ಆ ಲೆಕ್ಕ ಕೂರುವುದಿಲ್ಲ. ಹಾಗಾಗಿ ಬುಡದಿಂದ ಕಲಿಯಬೇಕಾಯಿತು. ನಿಮ್ಮ ಹತ್ತಿರವೂ ಇಂಥದೇ ಬೇರೆ ಆಕಾರದ ಟ್ಯಾಂಕ್ ಇದ್ದರೆ ಈ ಟಿಪ್ಪಣಿ ಕೆಲಸಕ್ಕೆ ಬರಬಹುದು.

ಹವಳಕ್ಕೆ ಬೆಳಕು ಯಾಕೆ, ಎಷ್ಟು

ಹವಳ ಗಿಡವಲ್ಲ, ಪ್ರಾಣಿ. ಆದರೆ ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸ ಮಾಡುತ್ತದೆ. ಅದರ ಹೆಸರು ಜೂಕ್ಸಾಂಥೆಲ್ಲೆ. ಈ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಬಹುಪಾಲು ಹವಳಕ್ಕೇ ಕೊಡುತ್ತದೆ. ಬೆಳಕು ಕಡಿಮೆಯಾದರೆ ಹವಳ ಕಂದು ಬಣ್ಣಕ್ಕೆ ತಿರುಗಿ ನಿಧಾನವಾಗಿ ಸೊರಗುತ್ತದೆ. ಜಾಸ್ತಿಯಾದರೆ ಪಾಚಿಯನ್ನೇ ಹೊರಹಾಕಿ ಬೆಳ್ಳಗಾಗುತ್ತದೆ. ಎರಡೂ ಅಪಾಯವೇ.

ಬೆಳಕಿನ ಅಳತೆಗೆ ಈ ಹವ್ಯಾಸದಲ್ಲಿ ಎಲ್ಲರೂ ಬಳಸುವ ಪದ ಪಾರ್. 400ರಿಂದ 700 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನ ಕಣಗಳು ಒಂದು ಜಾಗದ ಮೇಲೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಅನ್ನುವ ಲೆಕ್ಕ ಅದು. ಲೈಟಿನ ಡಬ್ಬದ ಮೇಲೆ ಬರೆದಿರುವ ವ್ಯಾಟ್ ಬೇರೆ, ಇದು ಬೇರೆ. ತೋಟದ ಪಂಪ್‌ಸೆಟ್ ಎಷ್ಟು ಕರೆಂಟು ತಗೊಂಡಿತು ಅನ್ನುವುದು ವ್ಯಾಟ್. ಅಡಿಕೆ ಮರದ ಬುಡಕ್ಕೆ ಎಷ್ಟು ನೀರು ಬಿತ್ತು ಅನ್ನುವುದು ಪಾರ್. ಮರಕ್ಕೆ ಬೇಕಾದದ್ದು ಎರಡನೆಯದು, ಅಲ್ವಾ?

ಉಷ್ಣವಲಯದಲ್ಲಿ ನಡುಮಧ್ಯಾಹ್ನದ ಬಿಸಿಲು ಸುಮಾರು 2000 ಪಾರ್. ಮನೆಯ ಟ್ಯಾಂಕಿಗೆ ಅಷ್ಟೆಲ್ಲ ಬೇಡ. ಮಶ್ರೂಮ್ ಹವಳ ಮತ್ತು ಚರ್ಮದಂತಿರುವ ಮೆತ್ತನೆ ಹವಳಗಳಿಗೆ 50ರಿಂದ 100 ಸಾಕು. ದೊಡ್ಡ ಬಾಯಿಯ ಕಲ್ಲು ಹವಳ, ಅಂದರೆ ಎಲ್‌ಪಿಎಸ್‌ಗೆ 75ರಿಂದ 150. ಕೊಂಬೆ ಕೊಂಬೆಯಾಗಿ ಬೆಳೆಯುವ ಎಸ್‌ಪಿಎಸ್‌ಗೆ 200ರಿಂದ 350. ಇವು ಸಾಕುವವರು ಅನುಭವದಿಂದ ಕಂಡುಕೊಂಡ ಅಂದಾಜು, ಗೆರೆ ಕೊರೆದ ನಿಯಮವಲ್ಲ.

ಫೋನಿನ ಲಕ್ಸ್ ಆಪ್ ಹಿಡಿದು ಅಳೆಯಬೇಡಿ. ಲಕ್ಸ್ ಅನ್ನುವುದು ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆ. ನಮ್ಮ ಕಣ್ಣಿಗೆ ಹಸಿರು ಚೆನ್ನಾಗಿ ಕಾಣುತ್ತದೆ, ನೀಲಿ ಮಂದ. ರೀಫ್ ಲೈಟಿನಲ್ಲಿ ತುಂಬಿರುವುದೇ ನೀಲಿ. ಹಾಗಾಗಿ ಲಕ್ಸ್ ನೋಡಿ "ಬೆಳಕು ಸಾಲದು" ಅಂದುಕೊಂಡು ಏರಿಸಿದರೆ ಹವಳ ಸುಟ್ಟುಹೋಗುತ್ತದೆ. ನೀರೊಳಗೆ ಇಳಿಸುವ ಪಾರ್ ಮೀಟರ್ ಇದೆ. ಅಪೋಜಿ ಕಂಪನಿಯ ಎಂಕ್ಯೂ-510 ಅಂಥದ್ದು. ಬೆಲೆ ಜಾಸ್ತಿ, ಕೊಳ್ಳುವ ಅಗತ್ಯವಿಲ್ಲ. ನಾನು ಎರಡು ದಿನಕ್ಕೆ ಬಾಡಿಗೆಗೆ ತಂದೆ.

ಆಕಾರದ ಲೆಕ್ಕ

ಮೊದಲು ಹಳೇ ಪೇಪರ್ ಹರಡಿ, ಟ್ಯಾಂಕಿನ ಬಾಯಿಯ ಅಳತೆಗೆ ಆರು ಮೂಲೆ ಬರೆದೆ. ಎದುರುಬದುರು ಮೂಲೆಗಳ ನಡುವೆ 60 ಸೆಂ.ಮೀ. ಎದುರುಬದುರು ಗಾಜುಗಳ ನಡುವೆ 52. ಟಿ5 ಅನ್ನುವ ತೆಳ್ಳನೆಯ ಟ್ಯೂಬ್‌ಲೈಟ್ ಹಾಕೋಣ ಅಂದುಕೊಂಡಿದ್ದೆ, ಅದರ ಬೆಳಕು ಹದವಾಗಿ ಹರಡುತ್ತದೆ. ಆದರೆ 24 ವ್ಯಾಟಿನ ಟಿ5 ಟ್ಯೂಬೇ 55 ಸೆಂ.ಮೀ. ಉದ್ದ. ಎರಡು ತುದಿಯ ಹೋಲ್ಡರ್ ಸೇರಿದರೆ ಇನ್ನೂ ಜಾಸ್ತಿ. ಮೂಲೆಯಿಂದ ಮೂಲೆಗೆ ಒಂದು ಟ್ಯೂಬ್ ಹೇಗೋ ಕೂರುತ್ತದೆ. ಅದರ ಪಕ್ಕದ್ದು ಗಾಜು ದಾಟಿ ಆಚೆ ಚಾಚಿಕೊಳ್ಳುತ್ತದೆ. ಪೇಪರಿನ ಮೇಲೆ ಸ್ಕೇಲ್ ಇಟ್ಟ ಕೂಡಲೇ ಅದು ಗೊತ್ತಾಯಿತು.

ಆಮೇಲೆ ಆರು ಮೂಲೆಯೊಳಗೆ ಒಂದು ವೃತ್ತ ಬರೆದೆ. ಆರೂ ಬದಿಗೆ ತಾಗುವ ಆ ವೃತ್ತ, ಒಟ್ಟು ಜಾಗದಲ್ಲಿ ನೂರಕ್ಕೆ ಸುಮಾರು 91 ಭಾಗ ಮುಚ್ಚುತ್ತದೆ. ಚೌಕದಲ್ಲಾದರೆ ಇದೇ ಲೆಕ್ಕ 78.5 ಬರುತ್ತದೆ. ಅಂದರೆ ಆರು ಮೂಲೆಯ ಟ್ಯಾಂಕ್ ಬೆಳಕಿನ ಮಟ್ಟಿಗೆ ಹೆಚ್ಚುಕಡಿಮೆ ದುಂಡಗಿನ ಟ್ಯಾಂಕೇ. ಮೇಲಿನಿಂದ ತೂಗುಬಿಡುವ ಒಂದು ದುಂಡನೆಯ ಎಲ್‌ಇಡಿ ಇದಕ್ಕೆ ಹೇಳಿ ಮಾಡಿಸಿದ ಹಾಗೆ. ವಿಚಿತ್ರ ಆಕಾರ ಅಂತ ಹೆದರಿದ್ದೆ. ಬರೆದು ನೋಡಿದಾಗ ಇದು ಉದ್ದನೆಯ ಟ್ಯಾಂಕಿಗಿಂತ ಸುಲಭದ್ದು ಅಂತ ತಿಳಿದು ನಿಜವಾಗಿ ಖುಷಿಯಾಯಿತು.

ಎಷ್ಟು ಎತ್ತರಕ್ಕೆ ತೂಗುಬಿಡಬೇಕು? ಇದು ಲೆನ್ಸಿನ ಕೋನದ ಮೇಲೆ, ಅಂದರೆ ಎಲ್‌ಇಡಿಯ ಲೆನ್ಸು ಬೆಳಕನ್ನು ಎಷ್ಟು ಅಗಲಕ್ಕೆ ಹರಡುತ್ತದೆ ಅನ್ನುವುದರ ಮೇಲೆ ನಿಂತಿದೆ. ಮಧ್ಯದಿಂದ ಗಾಜಿಗೆ 26 ಸೆಂ.ಮೀ. 120 ಡಿಗ್ರಿ ಲೆನ್ಸಾದರೆ ನೀರಿನಿಂದ 15 ಸೆಂ.ಮೀ. ಮೇಲಿದ್ದಾಗ ಬೆಳಕಿನ ವೃತ್ತ ಸರಿಯಾಗಿ ಗಾಜಿಗೆ ಮುಟ್ಟುತ್ತದೆ. 90 ಡಿಗ್ರಿ ಲೆನ್ಸಾದರೆ 26 ಸೆಂ.ಮೀ. ಅದಕ್ಕಿಂತ ಮೇಲೆ ಹೋದರೆ ಬೆಳಕು ಆಚೆ ಚೆಲ್ಲುತ್ತದೆ. ಲೆನ್ಸಿನ ಬೆಳಕು ಗೆರೆ ಎಳೆದಂತೆ ನಿಲ್ಲುವುದಿಲ್ಲ, ಅಂಚಿನಲ್ಲಿ ಮೆಲ್ಲಗೆ ಕರಗುತ್ತದೆ. ಆದರೂ ಶುರು ಮಾಡಲು ಈ ಲೆಕ್ಕ ಸಾಕು. 15 ಸೆಂ.ಮೀ. ಎತ್ತರದಲ್ಲಿ ಕೈ ಹಾಕಲು ಜಾಗವಿಲ್ಲ, ಉಪ್ಪುನೀರು ಸಿಡಿದು ಲೆನ್ಸಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಹಾಗಾಗಿ ನಾನು 90 ಡಿಗ್ರಿಯದನ್ನೇ ಆರಿಸಿದೆ.

ಗಾಜು ಬೆಳಕನ್ನು ಹಿಡಿದಿಡುತ್ತದೆ

ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಅಂತ ಶಾಲೆಯಲ್ಲಿ ಓದಿದ್ದೆವು. ಆ ಲೆಕ್ಕ ನೆಚ್ಚಿಕೊಂಡು 60 ಸೆಂ.ಮೀ. ಆಳದ ಟ್ಯಾಂಕಿಗೆ ಭಾರೀ ಲೈಟು ಬೇಕು ಅಂದುಕೊಂಡರೆ ತಪ್ಪುತ್ತೇವೆ. ನೀರಿಗೆ ಇಳಿಯುವಾಗ ಬೆಳಕು ಬಾಗಿ ಇನ್ನಷ್ಟು ನೇರವಾಗುತ್ತದೆ. ಗಾಳಿಯಲ್ಲಿ 45 ಡಿಗ್ರಿ ಓರೆಯಾಗಿ ಬಂದದ್ದು ನೀರೊಳಗೆ 32 ಡಿಗ್ರಿ ಓರೆಯಾಗುತ್ತದೆ. ಅಷ್ಟು ನೇರವಾಗಿ ಬಂದ ಬೆಳಕು ನೆಟ್ಟಗೆ ನಿಂತ ಗಾಜಿಗೆ ತಗುಲಿದರೆ ಆಚೆ ಹೋಗಲಾರದು. ಕನ್ನಡಿಯಲ್ಲಿ ಆದಂತೆ ಪೂರ್ತಿ ಒಳಕ್ಕೇ ಮರಳುತ್ತದೆ. ಗಾಳಿಯಲ್ಲಿ ಸುಮಾರು 62 ಡಿಗ್ರಿ ಓರೆಯವರೆಗೆ ಬಂದ ಬೆಳಕಿಗೆಲ್ಲ ಇದೇ ನಿಯಮ. 120 ಡಿಗ್ರಿ ಲೆನ್ಸಿನ ಬೆಳಕು ಮಧ್ಯದಿಂದ 60 ಡಿಗ್ರಿ ಮಾತ್ರ ಓರೆ. ಹಾಗಾಗಿ ಅದೂ ಒಳಗೇ ಉಳಿಯುತ್ತದೆ.

ಈ ಲಾಭ ಸಿಗುವುದು ಗಾಜಿನ ಆಚೆ ಗಾಳಿ ಇದ್ದಾಗ. ಹಿಂದಿನ ಗಾಜಿಗೆ ಕಪ್ಪು ಬಣ್ಣ ಬಳಿದರೆ ಬೆಳಕು ಬಣ್ಣಕ್ಕೆ ಹೀರಿಹೋಗುತ್ತದೆ. ಕಪ್ಪು ಹಾಳೆಯನ್ನು ಅಂಟಿಸದೆ ಸುಮ್ನೆ ಒರಗಿಸಿಟ್ಟರೆ ನಡುವೆ ಗಾಳಿ ಇರುವುದರಿಂದ ನಷ್ಟವಿಲ್ಲ. ಒಳಗೋಡೆಯಲ್ಲಿ ನೇರಳೆ ಬಣ್ಣದ ಕೋರಲೈನ್ ಪಾಚಿ ಬೆಳೆದಾಗಲೂ ಅಷ್ಟು ಬೆಳಕು ಹೋಯಿತು ಅಂತಲೇ ಲೆಕ್ಕ.

ಕಲ್ಲು ಪೇರಿಸುವುದು: ನಾನು ಎಡವಿದ ಜಾಗ

ಇಷ್ಟೆಲ್ಲ ಲೆಕ್ಕ ಮಾಡಿ ಲೈಟು ತೂಗುಬಿಟ್ಟೆ. ಕಲ್ಲುಗಳನ್ನು ಮಧ್ಯದಲ್ಲಿ ಕಂಬದಂತೆ ಪೇರಿಸಿ, ತುದಿಗೆ ಅಗಲವಾದ ಒಂದು ಚಪ್ಪಟೆ ಕಲ್ಲು ಇಟ್ಟಿದ್ದೆ. ನೋಡಲು ಕೊಡೆ ಬಿಚ್ಚಿದ ಹಾಗೆ ಚೆನ್ನಾಗಿತ್ತು. ಅದರ ಕೆಳಗಿನ ಮೆಟ್ಟಿಲಲ್ಲಿ ಒಂದು ಹಸಿರು ಎಲ್‌ಪಿಎಸ್, ತುದಿಯಲ್ಲಿ ಮಶ್ರೂಮ್.

ಮೂರು ವಾರದಲ್ಲಿ ಮಶ್ರೂಮ್ ಮುದುರಿತು. ತಟ್ಟೆಯಂತೆ ಹರಡಿದ್ದದ್ದು ಗುಂಡಿಯಷ್ಟಾಯಿತು. ಅಂಚು ಒಳಕ್ಕೆ ಸುರುಳಿ, ಬಣ್ಣ ಮಾಸಿತು. ಕೆಳಗಿನದ್ದು ಮೈಯೆಲ್ಲ ಒಂದೇ ಕಡೆಗೆ ಎಳೆದುಕೊಂಡು ಗಾಜಿನತ್ತ ವಾಲಿತ್ತು. ಬೆಳಕು ಹುಡುಕುತ್ತಿದೆ ಅಂತ ನೋಡಿದರೇ ತಿಳಿಯುತ್ತಿತ್ತು. ಆಗ ಮೀಟರ್ ತಂದೆ. ತೋಳು ಭುಜದವರೆಗೆ ನೀರಲ್ಲಿ ಮುಳುಗಿಸಿ ಅಳೆದೆ. ತುದಿಕಲ್ಲಿನ ಮೇಲೆ 340. ಕೊಡೆಯ ಕೆಳಗಿನ ಮೆಟ್ಟಿಲಲ್ಲಿ 45. ಗಾಜಿನ ಬದಿಯ ಮರಳಿನಲ್ಲಿ 70. ತಳದ ಮರಳಿಗಿಂತ ನಡು ಮೆಟ್ಟಿಲೇ ಕತ್ತಲು!

ಕಾರಣ ಹೊಳೆಯಲು ಒಂದು ರಾತ್ರಿ ಬೇಕಾಯಿತು. ಲೈಟು ಇರುವುದು ಮಧ್ಯದಲ್ಲಿ. ಅದರ ಬೆಳಕೆಲ್ಲ ಮಧ್ಯದಿಂದ ಹೊರಕ್ಕೆ ಹೋಗುತ್ತದೆ. ಚಾಚಿಕೊಂಡ ಕಲ್ಲಿನ ಅಡಿಗೆ ನೇರ ಬೆಳಕು ತಿರುಗಿ ಬರಲು ದಾರಿಯೇ ಇಲ್ಲ. ಅಲ್ಲಿಗೆ ಸಿಕ್ಕಿದ್ದು ಗಾಜಿಗೆ ತಗುಲಿ ಮರಳಿದ ಚೂರುಪಾರು ಬೆಳಕು ಮಾತ್ರ. ಉದ್ದನೆಯ ಟ್ಯಾಂಕಿನಲ್ಲಿ ಎರಡು ಮೂರು ಲೈಟು ಅಕ್ಕಪಕ್ಕ ಇರುವುದರಿಂದ ಒಂದರ ನೆರಳನ್ನು ಇನ್ನೊಂದು ತುಂಬುತ್ತದೆ. ಇಲ್ಲಿ ಆ ಅನುಕೂಲವಿಲ್ಲ.

ಎರಡನೇ ಲೈಟು ಕೊಳ್ಳುವ ಯೋಚನೆ ಬಂತು. ಅದು ತಪ್ಪಲ್ಲ. ಎರಡು ಸಣ್ಣ ಲೈಟು ಎದುರುಬದುರು ಹಾಕಬಹುದು. ಆದರೆ ಮಧ್ಯದಿಂದ 10 ಸೆಂ.ಮೀ. ಸರಿದರೆ ಹತ್ತಿರದ ಗಾಜು 16 ಸೆಂ.ಮೀ. ಮಾತ್ರ ದೂರ. ಆಗ ಲೈಟನ್ನೂ 16 ಸೆಂ.ಮೀ.ಗೆ ಇಳಿಸಬೇಕು. ನಾನು ಬೇರೆ ದಾರಿ ಹಿಡಿದೆ. ಕಲ್ಲುಗಳನ್ನು ಬಿಚ್ಚಿ ಗುಡಿಯ ಗೋಪುರದಂತೆ ಮತ್ತೆ ಪೇರಿಸಿದೆ. ಬುಡ ಅಗಲ, ಮೇಲೆ ಹೋದಂತೆ ಕಿರಿದು, ಪ್ರತಿ ನೆಲೆಯೂ ಮೇಲಿನ ನೆಲೆಗಿಂತ ಆಚೆಗೆ. ಗೋಪುರದ ಯಾವ ನೆಲೆಯೂ ಇನ್ನೊಂದರ ನೆರಳಿನಲ್ಲಿ ಮುಳುಗುವುದಿಲ್ಲ, ಗಮನಿಸಿದ್ದೀರಾ? ಮಧ್ಯದಿಂದ ಹೊರಕ್ಕೆ ಇಳಿಯುವ ಬೆಳಕು ಒಂದೊಂದು ಮೆಟ್ಟಿಲಿಗೂ ತಾಗುತ್ತದೆ. ಲೈಟಿನ ಬೆಳಕನ್ನು ಸ್ವಲ್ಪ ಮಂದ ಮಾಡಿ ಮತ್ತೆ ಅಳೆದಾಗ ತುದಿಯಲ್ಲಿ 260, ಎರಡನೇ ನೆಲೆಯಲ್ಲಿ 140, ಮೂರನೆಯದರಲ್ಲಿ 95, ಮರಳಿನಲ್ಲಿ 65. ಲೈಟು ಅದೇ, ಟ್ಯಾಂಕ್ ಅದೇ.

ಹಾಗಾಗಿ ಈಗ ಯಾರಾದರೂ ಕೇಳಿದರೆ ಹೇಳುವುದು ಇಷ್ಟೇ: ಮೊದಲು ಕಲ್ಲು ಹೇಗೆ ನಿಲ್ಲುತ್ತದೆ, ಯಾವ ಹವಳ ಎಲ್ಲಿ ಕೂರುತ್ತದೆ ಅಂತ ಪೇಪರಿನ ಮೇಲೆ ಬರೆಯಿರಿ. ಲೈಟಿನ ಅಂಗಡಿಗೆ ಆಮೇಲೆ ಹೋಗಿ.

ಬಣ್ಣ, ಕಣ್ಣಿಗೆ ಕುಕ್ಕುವುದು, ತಂತಿ

ನೀರು ಕೆಂಪು ಬೆಳಕನ್ನು ಬೇಗ ಹೀರುತ್ತದೆ, ನೀಲಿ ಆಳಕ್ಕೆ ಇಳಿಯುತ್ತದೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡಿದ್ದಾಗ ನನ್ನ ಕೆಂಪು ವಾಚ್‌ಪಟ್ಟಿ ನೀರಡಿಯಲ್ಲಿ ಮಣ್ಣುಬಣ್ಣ ಕಂಡಿತ್ತು. ಹವಳದ ಪಾಚಿ ನೀಲಿ ಬೆಳಕನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಧಾರಾಳವಾಗಿರುವ ಲೈಟು ಆರಿಸಿ. ನೋಡುವ ಸುಖಕ್ಕೆ ಸ್ವಲ್ಪ ಬಿಳಿ ಬೆರೆಸಿ.

ಸುತ್ತಲೂ ಕಾಣುವ ಟ್ಯಾಂಕಿನ ಒಂದು ತೊಂದರೆ ಯಾರೂ ಮೊದಲೇ ಹೇಳುವುದಿಲ್ಲ. ಸೋಫಾದಲ್ಲಿ ಕೂತರೆ ತೂಗುವ ಲೈಟು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ನಮ್ಮಮ್ಮ ಬಂದಿದ್ದಾಗ "ಕಣ್ಣು ಕುಕ್ಕುತ್ತೆ ಕಣೋ" ಅಂತ ಬೆನ್ನು ತಿರುಗಿಸಿ ಕೂತರು. ಲೈಟಿನ ಸುತ್ತ ಕಪ್ಪು ಪ್ಲಾಸ್ಟಿಕ್ ಹಾಳೆಯ ಗಿಡ್ಡ ಪಟ್ಟಿ ಕಟ್ಟಿದ ಮೇಲೆ ಸರಿಹೋಯಿತು. ಗಾಳಿ ಆಡುವ ಕಿಂಡಿ ಮುಚ್ಚದಂತೆ ಕಟ್ಟಿ. ವೈರನ್ನು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿಟ್ಟು ಆಮೇಲೆ ಮೇಲಕ್ಕೆ ಒಯ್ಯಿರಿ. ವೈರಿನಗುಂಟ ಇಳಿದ ನೀರು ಪ್ಲಗ್ಗಿಗೆ ಹೋಗದೆ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ.

ಬೇರೆ ಆಕಾರಗಳಿಗೆ

ಗೋಡೆಯ ಮೂಲೆಗೆ ಕೂರುವ ಕಾಲು ವೃತ್ತದ ಟ್ಯಾಂಕಾದರೆ ಲೈಟನ್ನು ಮೂಲೆಗೆ ಒತ್ತರಿಸಬೇಡಿ. ನೇರ ಗಾಜಿನ ಉದ್ದದ 0.42ರಷ್ಟು ದೂರ ಎರಡೂ ಗಾಜಿನಿಂದ ಬಿಡಿ. 60 ಸೆಂ.ಮೀ. ಉದ್ದವಿದ್ದರೆ 25 ಸೆಂ.ಮೀ. ಚಿಲ್ಲರೆ. ಆ ಆಕಾರದ ನಟ್ಟನಡು ಅದೇ. ಉರುಳೆಯಾಕಾರದ ಟ್ಯಾಂಕಿಗೆ ಮೇಲಿನ ಲೆಕ್ಕವೆಲ್ಲ ಹಾಗೇ ಹೊಂದುತ್ತದೆ. ಗುಂಡನೆಯ ಬೋಗುಣಿಗೆ ಮಾತ್ರ ಗಾಜು ನೆಟ್ಟಗಿಲ್ಲ. ಅಲ್ಲಿ ಬೆಳಕು ಸೋರುತ್ತದೆ, ಗಾಜಿನ ಸಹಾಯ ನಂಬಬೇಡಿ.

ಭಾರತದಲ್ಲಿರುವವರಿಗೆ

ಇದನ್ನು ದಯವಿಟ್ಟು ಓದಿ. ರೀಫ್ ಕಟ್ಟುವ ಎಲ್ಲ ಕಲ್ಲು ಹವಳ, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸಮುದ್ರ ಬೀಸಣಿಗೆ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ ಇರುವ ಪಟ್ಟಿಯೇ ಅದು. ನಮ್ಮ ನೇತ್ರಾಣಿಯ ಹವಳಕ್ಕೂ ಆ ರಕ್ಷಣೆ ಇದೆ. ಮೇಲೆ ಹೇಳಿದ ಎಸ್‌ಪಿಎಸ್, ಎಲ್‌ಪಿಎಸ್ ಲೆಕ್ಕ ಅಲ್ಲಿ ನಿಮಗೆ ಕಲಿಕೆಗೆ ಮಾತ್ರ. ಯಾರೋ ಮಾರುತ್ತಿದ್ದಾರೆ ಅಂತ ಕೊಳ್ಳಲು ಹೋಗಬೇಡಿ.

ಕೊನೆಗೆ, ಏರಿಸುವ ಕ್ರಮ

ಹೊಸ ಲೈಟನ್ನು ಮೊದಲ ದಿನವೇ ಪೂರ್ತಿ ಹಾಕಬೇಡಿ. ಕೊನೆಗೆ ಎಷ್ಟಿರಬೇಕೋ ಅದರ ಅರ್ಧದಿಂದ ಶುರುಮಾಡಿ, ನಾಲ್ಕೈದು ವಾರದಲ್ಲಿ ಮೆಲ್ಲಗೆ ಏರಿಸಿ. ದಿನಕ್ಕೆ 8ರಿಂದ 10 ಗಂಟೆ ಸಾಕು. ಏರಿಸಿದ ದಿನ ಅಂಕಿ ಬರೆದಿಡಿ, ಹವಳದ ಫೋಟೊ ಒಂದೇ ಜಾಗದಿಂದ ತೆಗೆಯಿರಿ. ನನ್ನ ನೋಟ್‌ಬುಕ್ಕಿನಲ್ಲಿ ಮಶ್ರೂಮನ್ನು ಮರಳಿನ ಮಟ್ಟಕ್ಕೆ ಇಳಿಸಿದ 11ನೇ ದಿನ "ಅಂಚು ಬಿಚ್ಚಿದೆ" ಅಂತ ಇದೆ, 19ನೇ ದಿನ "ಮತ್ತೆ ತಟ್ಟೆಯಷ್ಟು" ಅಂತ. ಈಗ ಅದರ ಪಕ್ಕದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಒಂದು ಮರಿ ಮೂಡಿದೆ.