ಉದ್ಯಮ್ ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಸಂಶೋಧನಾ ಅನುದಾನ ಸಿಗದು

ಕಾಫಿ ಹಣ್ಣಿನ ಸಿಪ್ಪೆಯಿಂದ ಏನಾದರೂ ಮಾಡಬೇಕು, ಗಿಡ ಕೊರೆಯುವ ಬಿಳಿ ಕಾಂಡಕೊರಕ ಹುಳಕ್ಕೆ ಹೊಸ ಬಲೆ ತರಬೇಕು, ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಬಿಡುವ ನೀರನ್ನು ಶುದ್ಧಗೊಳಿಸಬೇಕು. ಕೊಡಗಿನಲ್ಲಿ ಇಂಥ ಯೋಚನೆಗಳಿಗೆ ಬರವಿಲ್ಲ. ಇವಕ್ಕೆ ಸರ್ಕಾರದ ಸಂಶೋಧನಾ ಅನುದಾನವೂ ಇದೆ. ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ನೋಂದಣಿಯ ಹಂತದಲ್ಲಿ, ವಿಜ್ಞಾನದ ಮಾತು ಬರುವ ಮೊದಲೇ.

ಬಹುತೇಕರ ಕೈಯಲ್ಲಿರುವುದು ಉದ್ಯಮ್ ಸರ್ಟಿಫಿಕೇಟ್, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ ಪತ್ರ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿ ಪೂರ್ತಿ ಉಚಿತ. ಆಧಾರ್, ಪ್ಯಾನ್ ಇದ್ದರೆ ಅರ್ಧ ಗಂಟೆಯ ಕೆಲಸ (ಎರಡು ಸಾವಿರ ಕೇಳುವ ವೆಬ್‌ಸೈಟ್ ಸಿಕ್ಕರೆ ಅದು ಸರ್ಕಾರದ್ದಲ್ಲ). 2025ರ ಏಪ್ರಿಲ್ 1ರಿಂದ ಯಂತ್ರೋಪಕರಣದಲ್ಲಿ 2.5 ಕೋಟಿ ರೂಪಾಯಿವರೆಗೆ ಹೂಡಿಕೆ, 10 ಕೋಟಿವರೆಗೆ ವಹಿವಾಟು ಇರುವವರು ‘ಮೈಕ್ರೋ’. ಆದರೆ ಉದ್ಯಮ್ ಹೇಳುವುದು ನಿಮ್ಮ ವ್ಯವಹಾರದ ಗಾತ್ರವನ್ನು ಮಾತ್ರ. ಅದು ಹೊಸ ಸಂಸ್ಥೆಯನ್ನು ಹುಟ್ಟಿಸುವುದಿಲ್ಲ. ಒಬ್ಬರದೇ ಮಾಲೀಕತ್ವದ ಅಂಗಡಿ ಉದ್ಯಮ್ ಆದ ಮೇಲೂ ಕಾನೂನಿನ ಕಣ್ಣಿಗೆ ಆ ವ್ಯಕ್ತಿಯೇ. ಅರ್ಜಿಯಲ್ಲಿ ಚಟುವಟಿಕೆಯ ಕೋಡ್ ಆರಿಸುವಾಗ ಮಾತ್ರ ಜಾಗ್ರತೆ: ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವುದು), ಹುರಿಯುವುದು, ಪುಡಿ ಮಾಡುವುದು 10792ರಲ್ಲಿ ಬರುತ್ತದೆ. ಸಂಶೋಧನೆ, ಅಭಿವೃದ್ಧಿ 72ನೇ ವಿಭಾಗ. ತೋಟದ ಬೇಸಾಯವನ್ನೇ ಮುಖ್ಯ ಚಟುವಟಿಕೆ ಎಂದು ತುಂಬಿದರೆ, ಮುಂದೆ ಅನುದಾನದ ಅರ್ಜಿಯಲ್ಲಿ ಬರೆಯುವ ಸಂಶೋಧನೆಗೂ ಇದಕ್ಕೂ ತಾಳೆಯಾಗುವುದಿಲ್ಲ.

ಕೇಂದ್ರದ ಸ್ಟಾರ್ಟ್‌ಅಪ್ ಮಾನ್ಯತೆಗೆ ಒಬ್ಬರ ಮಾಲೀಕತ್ವದ ಸಂಸ್ಥೆ ನಡೆಯುವುದಿಲ್ಲ. ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಥವಾ ನೋಂದಾಯಿತ ಪಾಲುದಾರಿಕೆಯಂಥದ್ದು ಬೇಕು. ಈಗಿರುವ ವ್ಯವಹಾರವನ್ನು ಒಡೆದೋ ಪುನರ್ರಚಿಸಿಯೋ ಕಟ್ಟಿದ್ದಾಗಿರಬಾರದು. ಅಪ್ಪನ ಕ್ಯೂರಿಂಗ್ ಕೆಲಸಕ್ಕೇ ಹೊಸ ಹೆಸರಿಟ್ಟು ತಂದರೆ ಅದನ್ನು ಸ್ಟಾರ್ಟ್‌ಅಪ್ ಎಂದು ಒಪ್ಪಿಸುವುದು ಕಷ್ಟ.

ಹಾಗೆಂದು ಇಂದೇ ಕಂಪನಿ ಮಾಡಿಸಲು ಓಡಬೇಡಿ. ನೋಂದಣಿಯ ದಿನದಿಂದ ಗಡಿಯಾರ ಓಡತೊಡಗುತ್ತದೆ. ಸ್ಟಾರ್ಟ್‌ಅಪ್‌ಗಳಿಗೆ ಆರಂಭದ ಹಣ ಕೊಡುವ 2021ರ ಸೀಡ್ ಫಂಡ್ ಯೋಜನೆಯ ನಿಯಮದಲ್ಲಿ, ಅರ್ಜಿ ಹಾಕುವ ದಿನಕ್ಕೆ ಸಂಸ್ಥೆ ಹುಟ್ಟಿ ಎರಡು ವರ್ಷ ಮೀರಿರಬಾರದು ಎಂದಿತ್ತು. ‘ಹೆಸರು ಬುಕ್ ಮಾಡಿಟ್ಟಿರೋಣ’ ಎಂದು ಕಂಪನಿ ಮಾಡಿ, ಮೂರು ವರ್ಷ ಸುಮ್ಮನಿದ್ದು, ಆಮೇಲೆ ಪ್ರಯೋಗ ಶುರುಮಾಡಿದವರಿಗೆ ಅಂಥ ಬಾಗಿಲು ಮುಚ್ಚಿರುತ್ತದೆ. ಬಯೋಟೆಕ್ ವಿಷಯವಾದರೆ ಬೈರಾಕ್‌ನ (ಬಯೋಟೆಕ್ ಉದ್ಯಮಕ್ಕೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ) ‘ಬಿಗ್’ ಯೋಜನೆ ನೋಡಿ: 18 ತಿಂಗಳ ಕೆಲಸಕ್ಕೆ 50 ಲಕ್ಷದವರೆಗೆ. ಅರ್ಜಿಗಳನ್ನು ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ ಕರೆಯುತ್ತಾರೆ. ಇದಕ್ಕೆ ವ್ಯಕ್ತಿಯಾಗಿಯೂ ಅರ್ಜಿ ಹಾಕಬಹುದು, ಆದರೆ ಇನ್‌ಕ್ಯುಬೇಟರ್ (ಹೊಸ ಉದ್ಯಮಕ್ಕೆ ಜಾಗ, ಸಲಹೆ ಕೊಟ್ಟು ಬೆಳೆಸುವ ಕೇಂದ್ರ) ಒಂದರ ಆಸರೆ ಇರಬೇಕು. ನನ್ನ ಸಲಹೆ ಇಷ್ಟೇ: ಯೋಚನೆ ಇನ್ನೂ ಕಾಗದದಲ್ಲಿದ್ದರೆ ಮೊದಲು ಇನ್‌ಕ್ಯುಬೇಟರ್, ಆಮೇಲೆ ಕಂಪನಿ. ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ಅಟಲ್ ಇನ್‌ಕ್ಯುಬೇಷನ್ ಕೇಂದ್ರವಿದೆ. ಆಹಾರ ಸಂಸ್ಕರಣೆಗೆ ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ದೂರವೇನಲ್ಲ.

ಕಂಪನಿ ಮಾಡುವ ಹೊತ್ತು ಬಂತು ಎಂದುಕೊಳ್ಳೋಣ. ಸ್ಪೈಸ್ ಪ್ಲಸ್ ಎಂಬ ಒಂದೇ ಆನ್‌ಲೈನ್ ಅರ್ಜಿಯಲ್ಲಿ ಹೆಸರು, ಪ್ಯಾನ್, ಟ್ಯಾನ್ (ತೆರಿಗೆ ಕಡಿತದ ಸಂಖ್ಯೆ), ಬ್ಯಾಂಕ್ ಖಾತೆ ಎಲ್ಲ ಬರುತ್ತದೆ. ಅಧಿಕೃತ ಬಂಡವಾಳ 15 ಲಕ್ಷ ಮೀರದಿದ್ದರೆ ಕೇಂದ್ರದ ನೋಂದಣಿ ಶುಲ್ಕ ಇಲ್ಲ, ಸ್ಟ್ಯಾಂಪ್ ಡ್ಯೂಟಿ ಬೇರೆ. ಕೊಡಗಿನವರು ಸಿಕ್ಕಿಬೀಳುವುದು ವಿಳಾಸದಲ್ಲಿ. ನೋಂದಾಯಿತ ಕಚೇರಿಗೆ ಎರಡು ತಿಂಗಳಿಗಿಂತ ಹಳೆಯದಲ್ಲದ ಕರೆಂಟ್ ಬಿಲ್, ಜಾಗದ ಮಾಲೀಕರ ಒಪ್ಪಿಗೆ ಪತ್ರ ಬೇಕು. ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಜಾಗದ ಪಹಣಿಯಲ್ಲಿ ಒಕ್ಕದ, ಅಂದರೆ ಮನೆತನದ, ಪಟ್ಟೇದಾರರ ಹೆಸರು, ಸೆಸ್ಕ್ ಕರೆಂಟ್ ಬಿಲ್ಲಿನಲ್ಲಿ ತೀರಿಹೋದ ಅಜ್ಜನ ಹೆಸರು, ಒಪ್ಪಿಗೆ ಪತ್ರಕ್ಕೆ ಸಹಿ ಅಪ್ಪನದು. ಮೂರೂ ಬೇರೆ ಬೇರೆ. ಕಡತ ವಾಪಸ್.

ಇದಕ್ಕೆ ಎರಡು ದಾರಿ. ಮೊದಲೇ ಬಿಲ್ಲಿನ ಹೆಸರು ಬದಲಾಯಿಸಿಕೊಂಡು, ಪಹಣಿಯಲ್ಲಿ ಹೆಸರಿರುವವರಿಂದಲೇ ಸಹಿ ಪಡೆಯುವುದು. ಇಲ್ಲವೇ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಒಂದು ಕೋಣೆಗೆ ಬಾಡಿಗೆ ಕರಾರು ಮಾಡಿ ಅದನ್ನೇ ಕಚೇರಿ ಎಂದು ತೋರಿಸುವುದು. ಪ್ರಯೋಗದ ಜಾಗ ತೋಟದಲ್ಲೇ ಇರಲಿ, ಅಡ್ಡಿಯಿಲ್ಲ. ಆದರೆ ಮುಂದೆ ಕಚೇರಿಯನ್ನು ಪೇಟೆಯಿಂದ ಊರಿಗೆ ತರಬೇಕಾದರೆ ಬೋರ್ಡ್ ನಿರ್ಣಯ ಸಾಲದು, ಷೇರುದಾರರ ವಿಶೇಷ ನಿರ್ಣಯವೇ ಬೇಕು.

ಇನ್ನು ಹೆಸರು. ಕೊಡವರಲ್ಲಿ ಮನೆತನದ ಹೆಸರು ಮೊದಲು, ತಂದೆಯ ಹೆಸರು ನಡುವೆ, ತಮ್ಮ ಹೆಸರು ಕೊನೆಗೆ. ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂಬ ಹಾಗೆ. ಪ್ಯಾನ್ ಅರ್ಜಿಯ ಕೊನೆಯ ಹೆಸರಿನ ಕಾಲಂ ಕೇಳುವುದು ಸರ್‌ನೇಮ್. ಒಬ್ಬರು ಅಲ್ಲಿ ಮನೆತನ ಬರೆದಿರುತ್ತಾರೆ, ಇನ್ನೊಬ್ಬರು ಸ್ವಂತ ಹೆಸರು. ಆಧಾರ್‌ನಲ್ಲಿ ಬರೀ ಇನಿಷಿಯಲ್. ಡಿಜಿಟಲ್ ಸಹಿ ಬರುವುದು ಪ್ಯಾನ್‌ನ ಹೆಸರಿಗೆ, ಆದ್ದರಿಂದ ಮೊದಲು ಆಧಾರ್, ನಂತರ ಪ್ಯಾನ್, ಆಮೇಲೆ ಡಿಜಿಟಲ್ ಸಹಿ. ಈ ಕ್ರಮ ತಪ್ಪಿದರೆ ಸಹಿಗೆ ಎರಡು ಸಲ ದುಡ್ಡು ಕಟ್ಟುತ್ತೀರಿ.

ಷೇರು ಹಂಚುವಾಗ ಪಾಸ್‌ಪೋರ್ಟ್ ಕೇಳಿ. ಬೈರಾಕ್ ನಿಯಮದಂತೆ ಕನಿಷ್ಠ ಶೇ 51 ಷೇರು ಭಾರತೀಯ ಪ್ರಜೆಗಳ ಕೈಯಲ್ಲಿರಬೇಕು. ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದವರು ಆ ಲೆಕ್ಕಕ್ಕೆ ಸೇರುವುದಿಲ್ಲ. ಆಸ್ಟ್ರೇಲಿಯಾದ ಪೌರತ್ವ ಪಡೆದ ಅಣ್ಣನಿಗೆ, ದುಡ್ಡು ಹಾಕಿದ್ದಾನೆಂದು ಅರ್ಧ ಷೇರು ಕೊಟ್ಟರೆ ಮುಗಿಯಿತು. ಅರ್ಧ ಎಂದರೆ 50, ಬೇಕಿರುವುದು 51.

ಕಂಪನಿಯ ಉದ್ದೇಶಗಳ ಕಲಂನಲ್ಲಿ ಸಂಶೋಧನೆ ಎಂಬ ಮಾತು ಇರಲಿ. ನೋಂದಣಿಯಾದ 180 ದಿನದೊಳಗೆ ಷೇರುದಾರರು ಒಪ್ಪಿದ ಹಣವನ್ನು ಕಂಪನಿ ಖಾತೆಗೆ ಹಾಕಿ, ವ್ಯವಹಾರ ಆರಂಭದ ಘೋಷಣೆ ಸಲ್ಲಿಸಬೇಕು. ಹತ್ತು ಸಾವಿರದ ಬಂಡವಾಳ ಹಾಕಲು ಮರೆತ ಸಣ್ಣ ಕಂಪನಿಗೆ ಬೀಳುವ ದಂಡ ಇಪ್ಪತ್ತೈದು ಸಾವಿರದವರೆಗೆ. ಎಲ್‌ಎಲ್‌ಪಿ ಆದರೆ 30 ದಿನದೊಳಗೆ ಪಾಲುದಾರರ ಒಪ್ಪಂದ ಸಲ್ಲಿಸುವುದು ಇಂಥದೇ ಗಡುವು.

ಅರ್ಜಿಯಲ್ಲಿ ವೇಳಾಪಟ್ಟಿ ಬರೆಯುವಾಗ ಕ್ಯಾಲೆಂಡರ್ ಬಿಟ್ಟು ಕೊಯ್ಲು ನೋಡಿ. ಅರೇಬಿಕಾ ನವೆಂಬರ್‌ನಿಂದ, ರೋಬಸ್ಟಾ ಜನವರಿಯಿಂದ. ಪಲ್ಪರ್ ಓಡುವುದು ಆ ಕೆಲವೇ ತಿಂಗಳು. ಹಣ ಕಂತಿನಲ್ಲಿ ಬರುತ್ತದೆ, ಒಂದು ಕಂತಿನ ಗುರಿ ಮುಟ್ಟಿದ ಮೇಲೆ ಮುಂದಿನದು. ಮೊದಲ ಕಂತು ಮಾರ್ಚ್ ಕೊನೆಗೆ ಬಂದರೆ ಸಿಪ್ಪೆಯೇ ಇಲ್ಲ. ಹಾಗಾಗಿ ಮೊದಲ ಹಂತದಲ್ಲಿ ಯಂತ್ರದ ವಿನ್ಯಾಸ, ಪ್ರಯೋಗಾಲಯದ ಪರೀಕ್ಷೆ ಇಟ್ಟು, ಕಣದಲ್ಲಿ ಮಾಡುವ ಪ್ರಯೋಗವನ್ನು ಎರಡನೆಯದಕ್ಕೆ ತಳ್ಳಿ. ಒಣಸಿಪ್ಪೆ ಸಾಕಾಗುವ ಕೆಲಸವಾದರೆ ಅರ್ಜಿ ಹಾಕುವ ಮೊದಲೇ ಒಂದಷ್ಟು ಚೀಲ ತುಂಬಿಸಿಡಿ.

ಅನುದಾನಕ್ಕೆ ಬೇರೆಯೇ ಬ್ಯಾಂಕ್ ಖಾತೆ ತೆರೆಯಿರಿ. ಅದರ ಬಡ್ಡಿ ನಿಮ್ಮದಲ್ಲ, ಸರ್ಕಾರಕ್ಕೆ ಮರಳಿಸಬೇಕು. ಖರ್ಚಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಬೇಕು. ಇಲ್ಲಿ ಹೆಚ್ಚು ಪೆಟ್ಟು ತಿನ್ನಿಸುವುದು ಡ್ರೈಯರ್‌ನ (ಕಾಫಿ ಒಣಗಿಸುವ ಯಂತ್ರ) ಬಿಲ್. ಪೇಟೆಯ ಡೀಲರ್‌ಗೆ ನಿಮ್ಮ ಪರಿಚಯ ತೋಟದ ಹೆಸರಿನಿಂದ, ಹಳೆ ಲೆಡ್ಜರ್ ತೆರೆದು ಎಸ್ಟೇಟ್ ಹೆಸರಿಗೇ ಬಿಲ್ ಹಾಕಿಬಿಡುತ್ತಾನೆ. ದುಡ್ಡು ಹೋದದ್ದು ಕಂಪನಿ ಖಾತೆಯಿಂದ, ಬಿಲ್ ಇರುವುದು ಎಸ್ಟೇಟಿಗೆ. ಆಡಿಟರ್ ಅದನ್ನು ಖರ್ಚೆಂದು ಒಪ್ಪುವುದಿಲ್ಲ. ಲಾರಿಗೆ ಲೋಡ್ ಆಗುವ ಮೊದಲೇ ಬಿಲ್ಲಿನಲ್ಲಿ ಕಂಪನಿಯ ಹೆಸರು, ಜಿಎಸ್‌ಟಿ ಸಂಖ್ಯೆ ಇದ್ದರೆ ಅದೂ, ಮಂಜೂರಾತಿ ಪತ್ರದ ನಂತರದ ದಿನಾಂಕ, ಇಷ್ಟು ನೋಡಿಕೊಳ್ಳಿ.